ದಾನೇಶ್ವರಿಯ ಮೂರನೇ ತಿಂಗಳು

ದಾನೇಶ್ವರಿ ಅಳುತ್ತಿದ್ದಳು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ಕಂಡ ಅತ್ತೆ ಸಾಬವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಮೂರು ತಿಂಗಳ ಬಸುರಿ. ವಾರದಿಂದ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. "ಬಸುರಂದ್ರ ವಾಂತಿ ಆಗೂದ. ನಾನೂ ವಾಂತಿ ಮಾಡ್ಕೋತನ ಇಟ್ಟಂಗಿ ಹೊತ್ತೀನಿ," ಎಂದು ಸಾಬವ್ವ ನಿನ್ನೆಯವರೆಗೂ ಹೇಳುತ್ತಲೇ ಬಂದಿದ್ದಳು. ಈಗ ಹತ್ತಿರ ಕೂತು ಸೊಸೆಯ ಗಲ್ಲ ಹಿಡಿದು ನೋಡಿದಳು. ತುಟಿ ಒಡೆದು ಕಪ್ಪಾಗಿತ್ತು.

"ಒಂದಕ್ಕ ಯಾವಾಗ ಹೋಗಿದ್ದಿ?"

"ನಿನ್ನಿ ಮುಂಜಾನಿ ಅತ್ತಿ. ಆಮ್ಯಾಲ ಬಂದಿಲ್ಲ. ಗುಟುಕ ನೀರೂ ಹೊಟ್ಟ್ಯಾಗ ನಿಲ್ಲವಲ್ದು."

ಸಾಬವ್ವ ಮಗ ಭೀಮುವಿಗೆ ಫೋನ್ ಮಾಡಿದಳು. ಅವನು ಐರೋಲಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. "ಸಂಜಿಕ ಬರ್ತೀನಿ ಯವ್ವಾ, ಕೂಡಿ ಹೋಗೂಣು. ಅಲ್ಲೀತನಾ ಲಿಂಬು ಸರಬತ್ತ ಕುಡಿಸು."

"ಸಂಜಿಕ ನೀ ಸೀದಾ ದವಾಖಾನಿಗೇ ಬಾ," ಎಂದು ಫೋನ್ ಇಟ್ಟಳು.

ಅವರು ದುಡಿಯಲು ಬಂದು ನೆಲೆಸಿದ್ದ ಠಾಕುರ್ಲಿಯ ಗಲ್ಲಿಯೊಳಗೆ ರಿಕ್ಷಾ ಬರುವುದಿಲ್ಲ. ಎದ್ದು ನಿಂತ ದಾನೇಶ್ವರಿ ಹೊಸ್ತಿಲಲ್ಲೇ ಕುಸಿದಳು. ಸಾಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಸೊಸೆಯನ್ನು ಬೆನ್ನಿಗೇರಿಸಿಕೊಂಡು ಎದ್ದಳು. ಸಿಮೆಂಟಿನ ಚೀಲ ಹೊತ್ತ ಬೆನ್ನು ಅದು. ಎರಡು ಜೀವದ ಹೆಂಗಸು ಒಂದು ಜೀವದಷ್ಟೂ ಭಾರವಿರಲಿಲ್ಲ.

"ಬ್ಯಾಡ್ರಿ ಅತ್ತಿ, ಜನಾ ನೋಡ್ತಾರ."

"ನೋಡ್ಲಿ. ಕೊಳ್ಳ ಬಿಗಿಯಾಗಿ ಹಿಡಿ."

ಗಲ್ಲಿಯ ತುದಿಯಲ್ಲಿ ರಿಕ್ಷಾ ಹಿಡಿದು ಅವರು ತಲುಪಿದ ಡೊಂಬಿವಲಿಯ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ವಿನೋದಾ ಉಡುಪಿ ಕಡೆಯವರು, ಕನ್ನಡದವರೇ. ದಾನೇಶ್ವರಿಯ ನಾಡಿ ಹಿಡಿದವರೇ ಸರದಿ ಕಾಯಿಸದೆ ಮಲಗಿಸಿ ಸಲೈನ್ ಹಾಕಿಸಿದರು. "ಅಮ್ಮಾ, ಇದು ಎಲ್ಲರಿಗೂ ಆಗುವ ವಾಂತಿ ಅಲ್ಲ. ಮೈಯ ನೀರೆಲ್ಲ ಬತ್ತಿಹೋಗಿದೆ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಅಪಾಯ ಇತ್ತು. ಈಗಲೇ ಕರ್ಕೊಂಡು ಬಂದದ್ದು ಒಳ್ಳೇದಾಯ್ತು."

ಬಾಟಲಿಗಳು ಒಂದೊಂದಾಗಿ ಖಾಲಿಯಾದವು. ವಾಂತಿ ನಿಲ್ಲಿಸುವ ಇಂಜೆಕ್ಷನ್ನೂ ಕೊಟ್ಟರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ದಾನೇಶ್ವರಿ ಒಂದಕ್ಕೆ ಹೋಗಿಬಂದಳು. ಎರಡು ಗುಟುಕು ನೀರು ಕುಡಿದಳು. ಅದು ಹೊಟ್ಟೆಯಲ್ಲೇ ಉಳಿಯಿತು. ಆಗ ಸಾಬವ್ವ, ಅಷ್ಟು ಹೊತ್ತು ಕೇಳಲು ಹೆದರಿದ್ದನ್ನು ಕೇಳಿದಳು.

"ಕೂಸಾ ಹ್ಯಾಂಗೈತ್ರಿ?"

"ಬನ್ನಿ, ನೀವೇ ನೋಡಿ."

ಸೋನೋಗ್ರಫಿಯ ಕೋಣೆ ಮಬ್ಬಾಗಿತ್ತು. ಪರದೆಯ ಮೇಲೆ ಹೆಬ್ಬೆರಳಷ್ಟು ಬೂದುಬಣ್ಣದ ಒಂದು ಆಕಾರ. ಅದರ ನಡುವೆ ಸಾಸಿವೆಯಷ್ಟು ಒಂದು ಚುಕ್ಕೆ ಮಿಣುಕುತ್ತಿತ್ತು. ಡಾಕ್ಟರು ಗುಂಡಿ ಒತ್ತಿದಾಗ ಕೋಣೆ ತುಂಬ ಟಕಟಕ ಟಕಟಕ ಸದ್ದು. ದಾನೇಶ್ವರಿ ತಲೆ ಎತ್ತಿದಳು. ಐದು ಹೆತ್ತಿದ್ದ ಸಾಬವ್ವ ಒಳಗೆ ನಡೆಯುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಅವಳ ಕೈಗಳು ತಾವಾಗಿ ಕೂಡಿಕೊಂಡವು.

"ಈಕಿ ಹೊಟ್ಟ್ಯಾಗ ಹನಿ ನೀರ ಇರಲಿಲ್ಲ. ಆದ್ರೂ ಇದು ನಿಂತಿಲ್ಲೇನ್ರಿ?"

"ಇಲ್ಲಮ್ಮ. ತಾನು ಒಣಗಿದ್ರೂ ಇವಳು ಅದಕ್ಕೆ ಬೇಕಾದ್ದನ್ನು ಕೊಟ್ಟಿದ್ದಾಳೆ."

ಸಾಬವ್ವ ಪರದೆಯಿಂದ ಕಣ್ಣು ಕೀಳಲಿಲ್ಲ. "ಮತ್ತ ಇದನ್ನ ಮೊದಲ ಚಾಲೂ ಮಾಡಿದವ್ರು ಯಾರ್ರಿ ಡಾಕ್ಟರಬಾಯಿ?"

ದಿನವೂ ಇಂಥ ಎಷ್ಟೋ ಎದೆಬಡಿತ ಕೇಳುವ ಡಾಕ್ಟರು ಆ ಸದ್ದನ್ನು ಇನ್ನಷ್ಟು ಏರಿಸಿದರು. ತಾವೂ ಪರದೆಯ ಕಡೆ ತಿರುಗಿದರು. ಹೊರಗೆ ಮುಂದಿನವರ ಹೆಸರು ಕೂಗಿದರು. ಒಳಗಿದ್ದ ಮೂವರಲ್ಲಿ ಯಾರೂ ಅಲುಗಲಿಲ್ಲ.