ಎಲೆಯ ಮುಂದೆ ಆಡಬಾರದ ಮಾತು

ಸಾರಿಗೆ ಇಂಗಿನ ಒಗ್ಗರಣೆ ಬಿದ್ದಾಗಲೆಲ್ಲ ವೆಸ್ಟ್ ಮಾಂಬಲಂನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಎಷ್ಟೋ ವಿವರಗಳನ್ನು ನಾನೇ ಆಮೇಲೆ ಹೆಣೆದುಕೊಂಡಿರಬಹುದು, ದೊಡ್ಡಪ್ಪನ ಮಾತುಗಳನ್ನಂತೂ ಅಲ್ಲ.

ದೊಡ್ಡಪ್ಪ ಮಡಿಯುಟ್ಟು ಬಾಳೆ ಎಲೆಯ ಮುಂದೆ ಕೂತಿದ್ದ. ಅಜ್ಜಿ ಗೋಡೆ ಹಿಡಿದುಕೊಂಡು ಕಕ್ಕಸಿನಿಂದ ಬಂದು, ಬಡಿಸುತ್ತಿದ್ದ ಅಮ್ಮನಿಗೆ ಮೆಲ್ಲಗೆ ಹೇಳಿದಳು: “ಇವತ್ತೂ ಡಾಂಬರಿನ ಹಾಗೆ ಕರ್ರಗೆ, ಅಂಟಂಟಾಗಿ ಆಯ್ತು ಕಣೇ. ತಲೆ ಬೇರೆ ಸುತ್ತುತ್ತೆ.” ಮಂಡಿನೋವಿಗೆಂದು ಅವಳು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿದ್ದಳು.

“ಭಾವ, ಡಾಕ್ಟರ ಹತ್ರ ಕರ್ಕೊಂಡು ಹೋಗೋಣ,” ಎಂದಳು ಅಮ್ಮ.

ದೊಡ್ಡಪ್ಪ ಎಡಗೈಯಿಂದ ಕಿವಿ ಮುಚ್ಚಿಕೊಂಡ. “ಕೃಷ್ಣ ಕೃಷ್ಣ! ಎಲೆ ಮುಂದೆ ಇದೇನು ಅಸಹ್ಯ? ನೇರಳೆಹಣ್ಣು ತಿಂದಿರ್ತಾಳೆ. ಚುಮ್ಮಾ ಇಲ್ಲದ್ದು ಹೇಳಿ ಹೆದರಿಸ್ಬೇಡ, ಸಾರು ಹಾಕು.”

“ನಾನೆಲ್ಲೋ ತಿಂದೆ ನೇರಳೆ?” ಎಂದಳು ಅಜ್ಜಿ.

ದೊಡ್ಡಪ್ಪ ಅನ್ನದ ಗುಣಿಗೆ ಸಾರು ಸುರಿಸಿಕೊಂಡು ಸೊರ್ರೆಂದು ಉಂಡ. ಯಾರ ನೆರಳು ಬಿದ್ದರೆ ಮೈಲಿಗೆ, ಯಾವ ಪಂಚೆ ಎಲ್ಲಿ ಒಣಗಬೇಕು ಎಂಬುದೆಲ್ಲ ಬಲ್ಲ ಮನುಷ್ಯ. ಹೆತ್ತವಳ ಹೊಟ್ಟೆಯ ಸುದ್ದಿ ಮಾತ್ರ ಅವನಿಗೆ ಹೇಸಿಗೆ.

ಸಂಜೆ ಅಜ್ಜಿ ಕಕ್ಕಸಿನಲ್ಲೇ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. “ಮೋಶನ್ ಯಾವ ಬಣ್ಣ?” ಎಂದು ಡಾಕ್ಟರು ಕೇಳಿದಾಗ ದೊಡ್ಡಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಅಮ್ಮ ಹೇಳಿದಳು, ಮಂಡಿನೋವಿನ ಮಾತ್ರೆಯ ವಿಷಯವನ್ನೂ. “ಹಾಗಾದ್ರೆ ಆ ಮಾತ್ರೆಯಿಂದಲೇ ಹೊಟ್ಟೆಯೊಳಗೆ ರಕ್ತ ಸೋರ್ತಿದೆ. ಆ ಬಣ್ಣ ನೋಡಿದ ದಿನವೇ ಬರಬೇಕಿತ್ತು,” ಎಂದರು ಡಾಕ್ಟರು.

ಅಜ್ಜಿಗೆ ರಕ್ತ ಏರಿಸತೊಡಗಿದರು. ದೊಡ್ಡಪ್ಪ ಪಂಚೆ ಕೊಡವಿಕೊಂಡು ಅಮ್ಮನ ಕಡೆ ತಿರುಗಿದ.

“ಇಷ್ಟು ದಿನ ನಂಗೆ ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?”