ಬೇವಿನ ಕವಲು

ಫೋನಿನಲ್ಲಿ ಅಣ್ಣ ಯಮನೂರ ಹೆಚ್ಚು ಮಾತಾಡಲಿಲ್ಲ. ಅವ್ವ ರವಿವಾರದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಚಹಾ ಬಿಟ್ಟರೆ ಏನೂ ಮುಟ್ಟಿಲ್ಲ, ಯಾರ ಜೊತೆಗೂ ಮಾತಿಲ್ಲ ಎಂದ.

"ಕಥಿ ಬರದಾಕಿ ನೀನು. ನೀನ ಬಂದು ಎಬ್ಬಸು."

ಅನ್ನಪೂರ್ಣಾ ಪಾಠ ಅರ್ಧಕ್ಕೆ ಬಿಟ್ಟು ರೋಣದಿಂದ ಗಜೇಂದ್ರಗಡದ ಬಸ್ಸು ಹತ್ತಿದಳು. ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಒಂದು ಪದ ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ತೂಗಿಯೇ ಬರೆಯುವವಳು. ಆದರೂ ತಪ್ಪಾಗಿತ್ತು. ಎಲ್ಲಿ ತಪ್ಪಾಯಿತೆಂಬುದೂ ಅವಳಿಗೆ ಗೊತ್ತಿತ್ತು.

ಕಥೆ ಪತ್ರಿಕೆಯ ರವಿವಾರದ ಪುರವಣಿಯಲ್ಲಿ ಬಂದಿತ್ತು. ಮೆಣಸಗಿಯಲ್ಲಿ ಹೊಳೆ ಊರೊಳಗೆ ನುಗ್ಗಿದೆ. ಗಂಡ ಊರಲ್ಲಿಲ್ಲ. ತಾಯಿಗೆ ಇಬ್ಬರು ಮಕ್ಕಳು. ನೀರಿನಲ್ಲಿ ಒಬ್ಬರನ್ನಷ್ಟೇ ಹೊರಬಲ್ಲಳು. ಮಗಳನ್ನು ಬೇವಿನ ಗಿಡದ ಕವಲಿನಲ್ಲಿ ಕೂರಿಸಿ, ಸೀರೆ ಹರಿದು ಕಟ್ಟಿ, ಮಗನನ್ನು ಹೆಗಲಿಗೇರಿಸಿಕೊಂಡು ದಿಬ್ಬದ ಕಡೆ ಹೋಗುತ್ತಾಳೆ. ಹುಡುಗಿ ಕಾಯುತ್ತಾಳೆ. ಅವಳ ಕಾಲ ಮೇಲೆ ಇರುವೆಗಳೂ ಮೇಲಕ್ಕೆ ಹತ್ತುತ್ತಿವೆ. ಕೊನೆಗೆ ತಾಯಿ ಎದೆಮಟ್ಟದ ನೀರಿನಲ್ಲಿ ತಿರುಗಿ ಬಂದು ಗಂಟು ಬಿಚ್ಚುತ್ತಾಳೆ.

ನರಗುಂದದ ಸಾಹಿತ್ಯ ಬಳಗವೊಂದು ಅಚ್ಚಾಗುವ ಮೊದಲೇ ಆ ಕಥೆಗೆ ಬಹುಮಾನ ಘೋಷಿಸಿ, ನೆನಪು ಕಥೆಯಾಗುವ ಬಗೆಯ ಕುರಿತು ಮಾತಾಡಲು ಕರೆದಿತ್ತು. ಎಷ್ಟು ಖರೇ, ಎಷ್ಟು ಕಟ್ಟಿದ್ದು ಎಂದು ಅವರು ಕೇಳಿದಾಗ ಅನ್ನಪೂರ್ಣಾ ಹೆಮ್ಮೆಯಿಂದಲೇ ಹೇಳಿದ್ದಳು, ಏನನ್ನೂ ಕಟ್ಟಿಲ್ಲ ಎಂದು. ಅಣ್ಣ ತನಗಿಂತ ಒಂಬತ್ತು ವರ್ಷ ದೊಡ್ಡವನು. ನೆನಪಿನಲ್ಲಿ ಮಾತ್ರ ಅವ್ವನ ಹೆಗಲ ಮೇಲಿನ ಪುಟ್ಟ ಹುಡುಗ. ಅದನ್ನೂ ಅವಳು ತಿದ್ದಿರಲಿಲ್ಲ. ನೆನಪನ್ನು ತಿದ್ದಬಾರದು ಎಂಬುದೇ ಅವಳು ಬರೆದಿಟ್ಟುಕೊಂಡ ಭಾಷಣದ ಮೊದಲ ಮಾತಾಗಿತ್ತು.

ಯಾವ ವರ್ಷದ ಹೊಳೆ ಎಂದು ಎಂದೋ ಅವ್ವನನ್ನು ಕೇಳಿದ್ದಳು. ಹೊಳೆ ಬಂದದ್ದು ಒಂದೇ ಸಲವೇನು, ಯಾರು ಲೆಕ್ಕ ಇಡುತ್ತಾರೆ ಎಂದಿದ್ದಳು ಸಕ್ಕೂಬಾಯಿ. ಆ ಹೊಳೆ ಬಂದ ಮೇಲೆ ಅವರು ಊರು ಬಿಟ್ಟು ಗಜೇಂದ್ರಗಡ ಸೇರಿದ್ದರು. ಆದರೂ ಮಲಗುವ ಹೊತ್ತಿಗೆ ಅದೇ ಕಥೆ: ಅನ್ನಪೂರ್ಣಾ ಗಿಡದಾಗ ಕುಂತಿದ್ಲು, ಅವ್ವ ಬಂದ್ಲು, ಗಂಟ ಬಿಚ್ಚಿದ್ಲು. ಬಂದವರ ಮುಂದೆಲ್ಲ, "ಇಕಿ ನನಗ ತಿರುಗಿ ಸಿಕ್ಕಾಕಿ" ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಮೆಣಸಗಿಗೆ ಕರೆದೊಯ್ದು, ಹೊಸ ಲಂಗವನ್ನು ಮೊದಲು ಹೊಳೆಯ ನೀರಿಗೆ ಮುಟ್ಟಿಸಿ, ಆಮೇಲೆ ಮಗಳಿಗೆ ತೊಡಿಸುತ್ತಿದ್ದಳು. ಮಗಳನ್ನು ಬಿಟ್ಟುಕೊಟ್ಟ ಹೊಳೆಗೆ ತಾಯಿಯ ಕೃತಜ್ಞತೆ ಎಂದು ಅನ್ನಪೂರ್ಣಾ ಅದನ್ನೂ ಬರೆದಿದ್ದಳು.

ಮನೆಯ ಬಾಗಿಲಲ್ಲೇ ಪಕ್ಕದ ಮನೆಯ ಮಕ್ತುಮಬಿ ಎದುರಾದಳು.

"ಬಂದ್ಯಾ ನಮ್ಮವ್ವಾ? ಚಲೋ ಬರದೀಯಂತ. ನಮ್ಮ ಮನಿ ಬಗ್ಗೆ ಮಾತ್ರ ಬರೀಬ್ಯಾಡ, ನಮ್ಮ ಗುಟ್ಟ ನಮ್ಮ ಗಡಿಗ್ಯಾಗ ಇರಲಿ." ನಕ್ಕಳು, ಆಮೇಲೆ ದನಿ ಇಳಿಸಿದಳು. ನಲ್ಲಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದಾರಂತೆ, ಗಂಡುಮಗನನ್ನು ಎತ್ತಿಕೊಂಡು ಹೆಣ್ಣನ್ನು ಗಿಡಕ್ಕೆ ಕಟ್ಟಿ ಬಂದವಳು ಇವಳೇ ಎಂದು.

ಅನ್ನಪೂರ್ಣಾ ಎಣಿಸಿದ್ದೂ ಅದನ್ನೇ.

ಗಿರಣಿಯಿಂದ ಬಂದ ಯಮನೂರನ ರೆಪ್ಪೆಯ ಮೇಲೆ ಹಿಟ್ಟಿತ್ತು. ಅವ್ವನಿಗೆ ಓದಲು ಬರದು. ಕಥೆಯನ್ನು ಅವನ ಮಗಳೇ ಗಟ್ಟಿಯಾಗಿ ಓದಿ ಹೇಳಿದ್ದಳು. ಕೊನೆಯ ಸಾಲಿನತನಕ ಅವ್ವ ಕುಳಿತೇ ಇದ್ದಳಂತೆ.

"ಆ ಹುಡುಗಿಗೆ ಬ್ಯಾರೆ ಹೆಸರ ಇಡಬೇಕಾಗಿತ್ತು" ಎಂದ.

"ಖರೇ ಕಥಿ ಯಣ್ಣಾ. ಬ್ಯಾರೆ ಹೆಸರ ಇಟ್ರ ಸುಳ್ಳಾಗ್ತಿತ್ತು."

ಹೊಳೆಯ ಮಾತು ಬಂದಾಗಲೆಲ್ಲ ಅವನು ಎದ್ದುಹೋಗುತ್ತಿದ್ದ. ಈಗಲೂ ಹೋದ.

ಒಳಕೋಣೆಯಲ್ಲಿ ಸಕ್ಕೂಬಾಯಿ ಮಗ್ಗುಲಾಗಿ ಮಲಗಿದ್ದಳು. ಬೆನ್ನಿನ ಮೂಳೆಗಳು ಕುಪ್ಪಸದೊಳಗಿಂದ ಕಾಣುತ್ತಿದ್ದವು. ತಲೆಯ ಹತ್ತಿರ ರೊಟ್ಟಿ ತಟ್ಟೆಯಲ್ಲೇ ಒಣಗಿತ್ತು. ಅನ್ನಪೂರ್ಣಾ ಮಜ್ಜಿಗೆ ತಂದು ಲೋಟವನ್ನು ತುಟಿಯ ಹತ್ತಿರ ಹಿಡಿದಳು. ತುಟಿ ತೆರೆಯಲಿಲ್ಲ. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎನ್ನಿಸಿತು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಒಂದೊಂದಾಗಿ ಆಡಿದಳು. ತನಗೆ ಸಿಟ್ಟಿಲ್ಲ, ಎಂದೂ ಇರಲಿಲ್ಲ. ಅವ್ವನ ಜಾಗದಲ್ಲಿ ತಾನಿದ್ದರೂ ಅಷ್ಟೇ ಮಾಡುತ್ತಿದ್ದಳು. ನರಗುಂದಕ್ಕೆ ಹೋಗುವುದಿಲ್ಲ, ಬಹುಮಾನವೂ ಬೇಡ.

ಬೆನ್ನು ಅಲುಗಲಿಲ್ಲ.

"ಮುಂದ ಪುಸ್ತಕದಾಗ ಹಾಕೂವಾಗ ಬದಲ ಮಾಡ್ತೀನವ್ವಾ. ನೀ ಅಣ್ಣನ್ನ ಮೊದಲ ಎತ್ತಿಕೊಂಡದ್ದು ತಗದ ಬಿಡ್ತೀನಿ."

"ಅದು ಇರಲಿ." ಅಷ್ಟು ದಿನಗಳ ಮೇಲೆ ಬಂದ ದನಿ ಒಡೆದಿತ್ತು. "ಅದು ಖರೇ ಐತಿ. ಕಡೀದ್ದು ತಗಿ."

ಅನ್ನಪೂರ್ಣಾಗೆ ತಿಳಿಯಲಿಲ್ಲ. ಕಥೆಯಲ್ಲಿ ಅವ್ವನನ್ನು ಉಳಿಸುವುದೇ ಆ ಕೊನೆ. ಓದಿದವರೆಲ್ಲ ಕ್ಷಮಿಸುವುದು ಅಲ್ಲಿಯೇ.

"ಅದನ್ನ ಹ್ಯಾಂಗ ತಗೀಲಿ? ನೀ ತಿರುಗಿ ಬಂದಿದ್ದಿ. ಗಂಟ ಬಿಚ್ಚಿದ್ದು ನನಗ ನೆನಪೈತಿ. ನಿನ್ನ ಕೈ ತಣ್ಣಗಿದ್ದದ್ದೂ ನೆನಪೈತಿ."

ಸಕ್ಕೂಬಾಯಿ ಮೆಲ್ಲಗೆ ಈ ಕಡೆ ಹೊರಳಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರೂ ಇರಲಿಲ್ಲ.

"ನಾ ಬರೂದರಾಗ ಗಿಡಾನ ಇರಲಿಲ್ಲ. ನಿನಗ ಹೇಳಿ ಹೇಳಿ ನಾ ದಿನಾ ಹೋಗಿ ಆಕಿನ್ನ ಕರಕೊಂಡ ಬರತಿದ್ದೆ. ಆ ಮಾತ ಮನ್ಯಾಗಿತ್ತು, ನಡದಿತ್ತು. ಈಗ ಆಕಿ ಬದುಕ್ಯಾಳಂತ ಮಂದಿ ಎಲ್ಲಾ ಓದ್ಯಾರ."

"ಯಾರವ್ವಾ ಆಕಿ?" ಎಂದಳು ಅನ್ನಪೂರ್ಣಾ.

"ಅನ್ನಪೂರ್ಣಾ. ನಾಕ ವರ್ಷದ ಮ್ಯಾಲೆ ನೀ ಹುಟ್ಟಿದಿ. ಆಕಿ ಹೆಸರ ಹಾಂಗ ಉಳದಿತ್ತು, ನಿನಗ ಇಟ್ಟಿವಿ."