ಮನೆ ಮಗನಿಗೆ ಯಾಕೆ ಪೋಸ್ಟು?

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೋ! ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿಬಂದವನಿಗೆ ಇನ್‌ಚಾರ್ಜ್ ಪೋಸ್ಟ್ ಬೇಕಂತೆ, ಕೇಳ್ರಪ್ಪ ಎಲ್ಲರೂ!" ಎಂದರು ಮಾಲೀಕರು. ಅದೂ ಮೈಕಿನಲ್ಲಿ. ಹಾಸಿಗೆ ಕಂಪನಿಯ ಮೂರನೇ ಶೆಡ್ಡಿಗೆ ಆಗಷ್ಟೇ ರಿಬ್ಬನ್ ಕತ್ತರಿಸಿಯಾಗಿತ್ತು. ಹೊಲಿಗೆಯವರು, ಪ್ಯಾಕಿಂಗಿನವರು, ವ್ಯಾನ್ ಡ್ರೈವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರು ಜೋಕು ಹೇಳಿದರೆ ನಗುವುದೂ ಡ್ಯೂಟಿಯೇ.

ನಗದೆ ನಿಂತವನು ಕಟ್ಟರ್ ಒಬ್ಬನೇ. ಫೋಮ್ ಕತ್ತರಿಸುವ ಕೆಲಸದಿಂದ ಬಂದ ಹೆಸರದು. ನಾಲಗೆಯೂ ಅಷ್ಟೇ ಹರಿತ.

"ಹಾಸಿಗೆ ಕಟ್ ಮಾಡೋನು ನಾನೇ ಅಲ್ವಾ ಸಾರ್? ಕಾಲಿಗೆ ಸರಿಯಾಗಿ ಮಾಡ್ಕೋತೀನಿ ಬಿಡಿ. ಆದ್ರೆ ಎರಡನೇ ಶೆಡ್ ಶುರುವಾದಾಗ, ಮುಂದಿನ ಶೆಡ್ ನಿಂದೇ ಅಂದಿದ್ರಲ್ಲ?"

ಅಂದಿದ್ದು ನಿಜ. ಕಂಪನಿ ಶೆಡ್ಡಿನ ಪಕ್ಕ ಶೆಡ್ಡು ಹಾಕುತ್ತ ಬೆಳೆಯಿತು; ಬೆಳೆದಂತೆಲ್ಲ ಕಟ್ಟರನ ತಲೆಯ ಮೇಲೆ ಕೂರುವವರೂ ಹೆಚ್ಚಾದರು. ಈ ಸಲ ಕೂತವನು ಮಾಲೀಕರ ಭಾಮೈದ. ಹೊಸ ಶರ್ಟಿನ ಇಸ್ತ್ರಿ ಕೆಡಬಾರದೆಂದು ಸದ್ಯಕ್ಕೆ ನಿಂತೇ ಇದ್ದ.

ಮಾಲೀಕರು ದನಿ ಇಳಿಸಿ ಬೆಣ್ಣೆ ಹಚ್ಚಿದರು. "ಬೇಜಾರು ಮಾಡ್ಕೋಬೇಡ್ವೋ. ನೀನು ಮನೆ ಮಗ. ಹೊರಗಿನವರನ್ನ ಪೋಸ್ಟ್ ಕೊಟ್ಟು ಹಿಡಿದಿಟ್ಕೋಬೇಕು. ಮನೆ ಮಗನಿಗೆ ಯಾಕೋ ಪೋಸ್ಟು?"

"ಭಾಮೈದ ಹೊರಗಿನವನು, ನೀನು ಮನೆ ಮಗ," ಎಂದು ಹೊಲಿಗೆಯ ಅಕ್ಕ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ಈ ಲೆಕ್ಕದಲ್ಲಿ ನಾನು ಇವರ ಅತ್ತೆ ಆಗ್ಬೇಕು ನೋಡು."

ಕಟ್ಟರನಿಗೆ ಸಂಬಳಕ್ಕಿಂತ ಅಪ್ಪನದೇ ಚಿಂತೆ. ಮಗ ಸ್ಕೂಲು ಬಿಟ್ಟ ದಿನ "ಇನ್ನು ನೀನು ಉದ್ಧಾರ ಆದ ಹಾಗೇ" ಎಂದು ಮುಖ ತಿರುಗಿಸಿದ್ದ ಗ್ಯಾರೇಜ್ ಮೆಕ್ಯಾನಿಕ್ ಅಪ್ಪ, ಈಚೆಗೆ ಬಂದ ಗಿರಾಕಿಗಳಿಗೆಲ್ಲ "ನನ್ನ ಮಗ ಇನ್‌ಚಾರ್ಜ್ ಆಗ್ತಾನೆ" ಎಂದು ಹೇಳಿಕೊಳ್ಳತೊಡಗಿದ್ದ. ಈಗ ಯಾವ ಮುಖ ಹೊತ್ತುಕೊಂಡು ಅವನೆದುರು ಹೋಗುವುದು? ಮೈಯೆಲ್ಲ ಉರಿದುಹೋಯಿತು. ಮನೆ ಮಗನಂತೆ, ಮನೆ ಮಗ! ಆಗಲಿ, ಮಗನೇ ಆಗಿ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿದ.

ಮರುದಿನ ಹೊಸ ಹೋಟೆಲೊಂದರ ಮೇಡಂ ಆರ್ಡರಿನ ಮಾತಿಗೆ ಬಂದು ಮಾಲೀಕರ ಎದುರು ಕೂತಿದ್ದರು. ಕಟ್ಟರ್ ಬಾಗಿಲು ತಟ್ಟದೆ ಒಳಗೆ ನುಗ್ಗಿದ.

"ಅಪ್ಪಾ, ಸ್ಯಾಂಪಲ್ ಪೀಸ್ ರೆಡಿ. ಬಿಪಿ ಮಾತ್ರೆ ತಗೊಂಡ್ರಾ?"

ಮಾಲೀಕರು ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಮೇಡಂ ಅವನ ತಲೆ, ಹುಬ್ಬು, ತೋಳಿಗೆಲ್ಲ ಅಂಟಿದ್ದ ಫೋಮಿನ ಪುಡಿ ನೋಡಿ ಅರಳಿದರು. "ನಿಮ್ಮ ಮಗನಾ! ಎಸಿ ರೂಮಲ್ಲಿ ಕೂರಿಸದೆ ಬುಡದಿಂದ ಕೆಲಸ ಕಲಿಸ್ತಿದ್ದೀರಲ್ಲ! ಇಂಥ ಕಂಪನೀನೇ ನಾನು ಹುಡುಕ್ತಿದ್ದೆ. ಇಡೀ ಹೋಟೆಲಿಗೆ ನಿಮ್ಮದೇ ಹಾಸಿಗೆ."

'ಅಲ್ಲ' ಎನ್ನಲು ತೆರೆದ ಬಾಯನ್ನು ಮಾಲೀಕರು ಹೇಗೋ 'ಹೌದು' ಎನ್ನುವ ಕಡೆಗೆ ತಿರುಗಿಸಿದರು. "ಹೌದು ಮೇಡಂ... ನನ್ನ ಮಗನೇ. ಸ್ವಲ್ಪ ಒರಟ." ಸ್ಯಾಂಪಲ್ ಹೊತ್ತು ಬಾಗಿಲಲ್ಲಿ ನಿಂತಿದ್ದ ವ್ಯಾನ್ ಡ್ರೈವರನ ಕಿವಿ ನೆಟ್ಟಗಾಯಿತು.

ಆಮೇಲೆ ಕೇಳಬೇಕೆ? ಸುದ್ದಿಗೆ ರೆಕ್ಕೆ ಪುಕ್ಕ ಎಲ್ಲ ಮೂಡಿತು. "ಸಾಹೇಬರೇ ಬಾಯಿಬಿಟ್ಟು ಒಪ್ಕೊಂಡ್ರಂತೆ!" "ನಂಗೆ ಮೊದಲೇ ಡೌಟಿತ್ತು ಕಣೇ, ಮೂಗು ನೋಡು, ಅದೇ ಅಚ್ಚು!" ಊಟದ ಹೊತ್ತಿಗೆ ಭಾಮೈದನೇ ಅದನ್ನು ತನ್ನಕ್ಕನಿಗೆ, ಅಂದರೆ ಮಾಲೀಕರ ಹೆಂಡತಿಗೆ, ಮುಟ್ಟಿಸಿದ. ಅಕ್ಕನ ಫೋನು ಬಂತು. ಮಾಲೀಕರು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಮಾತು ಪ್ಯಾಕಿಂಗಿನವರೆಗೂ ಕೇಳಿಸಿತು.

ಸಂಜೆ ಕಟ್ಟರನನ್ನು ಕರೆಸಿದರು. ಕಾಲು ಹಿಡಿಯುವುದೊಂದು ಬಾಕಿ.

"ನಿನ್ನ ದಮ್ಮಯ್ಯ ಕಣೋ! ತಗೋ, ಪೋಸ್ಟ್ ನಿಂದೇ. ಆ ಒಂದು ಮಾತು ಮಾತ್ರ ಬಿಟ್ಬಿಡು. ನೀನು ಹೊರಗಿನವನು, ಪೂರಾ ಹೊರಗಿನವನು!"

"ಹೋಟೆಲ್ ಮೇಡಂ ಬಂದ್ರೆ ಸಾರ್?"

ಮಾಲೀಕರು ಯೋಚಿಸಿದರು. ದೊಡ್ಡ ಆರ್ಡರು. "ಅವರು ಬಂದಾಗ ಮಾತ್ರ ಮಗ. ಮಿಕ್ಕ ಹೊತ್ತಲ್ಲಿ ಹೊರಗಿನವನು."

ಭಾಮೈದನ ಸೆಂಟಿನ ವಾಸನೆ ಇನ್ನೂ ಆರದ ಇನ್‌ಚಾರ್ಜ್ ಬ್ಯಾಡ್ಜನ್ನು ಎದೆಗೆ ಸಿಕ್ಕಿಸಿಕೊಂಡು ಕಟ್ಟರ್ ಸೀದಾ ಅಪ್ಪನ ಗ್ಯಾರೇಜಿಗೆ ಓಡಿದ. ಅಲ್ಲಿ ಕಂಪನಿಯ ವ್ಯಾನು ರಿಪೇರಿಗೆ ಬಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಬೆಂಚಿನ ಮೇಲೆ ಕೂತು ಏನನ್ನೋ ಹೇಳುತ್ತಿದ್ದ ವ್ಯಾನ್ ಡ್ರೈವರ್ ಇವನನ್ನು ಕಂಡದ್ದೇ ಬಾಯಿಗೆ ಬೀಗ ಹಾಕಿಕೊಂಡು ಟೈರಿನ ಗಾಳಿ ನೋಡತೊಡಗಿದ. ಗ್ಯಾರೇಜಿನ ಮಿಕ್ಕವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅಪ್ಪನ ಬೆನ್ನನ್ನೇ ನೋಡುತ್ತಿದ್ದರು.

"ಅಪ್ಪಾ! ನಾನು ಇನ್‌ಚಾರ್ಜ್ ಆದೆ!"

ಅಪ್ಪ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ಸ್ಪಾನರನ್ನು ಒಂದು ಸುತ್ತು ಬಿಗಿದು ಕೇಳಿದ.

"ಹೌದಾ? ನಿಮ್ಮಪ್ಪನಿಗೆ ಹೇಳಿದ್ಯಾ?"

ಕಟ್ಟರ್ ಎದೆಯ ಮೇಲಿನ ಬ್ಯಾಡ್ಜನ್ನು ಅಂಗೈಯಿಂದ ಮುಚ್ಚಿಕೊಂಡು, ತಿರುಗಿ, ಬಂದ ದಾರಿಯಲ್ಲೇ ನಡೆದುಹೋದ.